ಡಿಪ್ಲೊಮ್ಯಾಟಿನಿಡೆ: ಎರಡು ಮಿಲಿಮೀಟರ್ ಬಸವನಹುಳುಗಳ ಕುಟುಂಬವನ್ನು ಎಲ್ಲಿಡಬೇಕು, ಹೇಗೆ ಗುರುತಿಸಬೇಕು?

ಮಲ್ಲೇಶ್ವರದ ಶಿಕ್ಷಕಿ:

ಎಲ್ಲರಿಗೂ ನಮಸ್ಕಾರ. ಪಶ್ಚಿಮ ಘಟ್ಟದ ನೆಲಬಸವನಹುಳುಗಳ ಬಗ್ಗೆ ಪಿಯುಸಿ ಮತ್ತು ಪದವಿ ವಿದ್ಯಾರ್ಥಿಗಳಿಗೆ ಉಪಯೋಗವಾಗುವಂಥ ಒಂದು ಕಿರುಕೈಪಿಡಿಯನ್ನು ಬೆಂಗಳೂರಿನ ನಾವು ಕೆಲವು ಶಿಕ್ಷಕರು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇವೆ. ದೊಡ್ಡ ಚಿಪ್ಪಿನ ಹುಳುಗಳ ಅಧ್ಯಾಯಗಳು ಹೆಚ್ಚು ತೊಂದರೆ ಕೊಡಲಿಲ್ಲ. ಈಗ ನಮ್ಮ ಕೈಯಲ್ಲಿರುವುದು ಡಿಪ್ಲೊಮ್ಯಾಟಿನಿಡೆ ಎಂಬ ಕುಟುಂಬ. ಇದರ ಬಹುಪಾಲು ಸದಸ್ಯರ ಚಿಪ್ಪು ಐದು ಮಿಲಿಮೀಟರನ್ನು ದಾಟುವುದಿಲ್ಲ, ನಮ್ಮ ಕಡೆಯ ಹಲವು ಒಂದೆರಡು ಮಿಲಿಮೀಟರಿನಷ್ಟೇ ಇರುತ್ತವೆ.

ನನ್ನ ಪ್ರಶ್ನೆ ವರ್ಗೀಕರಣಕ್ಕೆ ಸಂಬಂಧಿಸಿದ್ದು. ‘ಫಾನಾ ಆಫ್ ಬ್ರಿಟಿಷ್ ಇಂಡಿಯಾ’ ಮಾಲೆಯಲ್ಲಿ ಗೂಡ್ ಅವರು 1921ರಲ್ಲಿ ಹೊರತಂದ ಸಂಪುಟವನ್ನು ತೆರೆದರೆ ಈ ಹುಳುಗಳೆಲ್ಲ ಸೈಕ್ಲೊಫೊರಿಡೆ ಎಂಬ ದೊಡ್ಡ ಕುಟುಂಬದೊಳಗೆ ಸೇರಿಕೊಂಡಿವೆ. ಬೂಶೆ ಮತ್ತು ರೊಕ್ರುವಾ ಅವರ 2005ರ ಪಟ್ಟಿಯಲ್ಲಿ ಇವು ಸ್ವತಂತ್ರ ಕುಟುಂಬವಾಗಿವೆ, ಆದರೆ ಯುರೋಪಿನ ಕಾಕ್ಲೊಸ್ಟೋಮ ಗುಂಪೂ ಅದರೊಳಗೆ ಉಪಕುಟುಂಬವಾಗಿ ಬಂದಿದೆ. ಇತ್ತೀಚಿನ ಬರಹಗಳಲ್ಲಿ ಕಾಕ್ಲೊಸ್ಟೋಮ ಹೊರಗೆ ಹೋಗಿದೆ. ವಿದ್ಯಾರ್ಥಿಗಳ ಕೈಗೆ ಕೊಡುವ ಪುಸ್ತಕದಲ್ಲಿ ಯಾವುದನ್ನು ಅನುಸರಿಸುವುದು ಸರಿ? ಅದಕ್ಕಿಂತ ಮುಖ್ಯವಾಗಿ, ಪ್ರಯೋಗಾಲಯವಿಲ್ಲದ ಕಾಲೇಜಿನ ವಿದ್ಯಾರ್ಥಿಯೊಬ್ಬ ತರಗೆಲೆಯಲ್ಲಿ ಸಿಕ್ಕ ಚಿಪ್ಪನ್ನು ಇದೇ ಕುಟುಂಬದ್ದೆಂದು ಯಾವ ಆಧಾರದ ಮೇಲೆ ಹೇಳಬಹುದು?

ಜಕ್ಕೂರಿನ ಓದುಗ:

ಮೇಡಂ, ನೀವು ಹೇಳಿದ ಮೂರು ಹಂತಗಳಿಗೂ ಹಿಂದೆ ಇನ್ನೊಂದು ಹಂತವಿದೆ. ಅದನ್ನು ಕೈಪಿಡಿಯಲ್ಲಿ ಸೇರಿಸಿದರೆ ಉಳಿದ ಕಥೆ ತಾನಾಗಿಯೇ ಅರ್ಥವಾಗುತ್ತದೆ. ಡಿಪ್ಲೊಮ್ಯಾಟಿನ ಎಂಬ ಕುಲವನ್ನು ಸ್ಥಾಪಿಸಿದವರು ಭಾರತದಲ್ಲಿ ನಾಗರಿಕ ಸೇವೆಯಲ್ಲಿದ್ದ ವಿಲಿಯಂ ಹೆನ್ರಿ ಬೆನ್ಸನ್, 1849ರಲ್ಲಿ, ಪಶ್ಚಿಮ ಹಿಮಾಲಯದ ಹುಳುಗಳನ್ನು ಆಧಾರವಾಗಿಟ್ಟುಕೊಂಡು. ಆದರೆ ಅವರು ಅದನ್ನು ಸೈಕ್ಲೊಫೊರಿಡೆಯ ಹತ್ತಿರಕ್ಕೂ ತರಲಿಲ್ಲ. ಕ್ಯಾರಿಕಿಯಂ ಎಂಬ ಶ್ವಾಸಕೋಶವುಳ್ಳ ಪುಟ್ಟ ಬಸವನಹುಳುಗಳ ಕುಟುಂಬದಲ್ಲಿ ಇಟ್ಟರು. ಅದೇ ಬರಹದಲ್ಲಿ ಹಿಮಾಲಯದ ಹೊಸ ಕ್ಯಾರಿಕಿಯಂ ಪ್ರಭೇದವೊಂದನ್ನೂ ಅವರು ವಿವರಿಸಿದ್ದಾರೆ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವರಿಗೆ ಆ ನಿರ್ಧಾರದ ಹಿನ್ನೆಲೆ ತಿಳಿಯುತ್ತದೆ. ಎರಡೂ ಸುಮಾರು ಎರಡು ಮಿಲಿಮೀಟರಿನವು, ಎರಡೂ ಉದ್ದನೆಯ ಗೋಪುರದಂತೆ ಸುತ್ತಿಕೊಂಡವು, ಎರಡಕ್ಕೂ ಎರಡೇ ಕೊಂಬು, ಕಣ್ಣು ಇರುವುದು ಕೊಂಬಿನ ತುದಿಯಲ್ಲಲ್ಲ, ಬುಡದಲ್ಲಿ. ನಿಜವಾದ ವ್ಯತ್ಯಾಸ ಇರುವುದು ಮುಚ್ಚಳದಲ್ಲಿ. ಡಿಪ್ಲೊಮ್ಯಾಟಿನಕ್ಕೆ ಕಾಲಿನ ಹಿಂಭಾಗದಲ್ಲಿ ತೆಳ್ಳನೆಯ ದುಂಡು ಮುಚ್ಚಳವಿದೆ, ಕ್ಯಾರಿಕಿಯಂಗೆ ಇಲ್ಲ. ಹುಳು ಒಳಕ್ಕೆ ಸರಿದಾಗ ಈ ಮುಚ್ಚಳವೂ ಚಿಪ್ಪಿನ ಬಾಯಿಯನ್ನು ಬಿಟ್ಟು ಬಹಳ ಒಳಗೆ ಹೋಗಿ ಕುಳಿತುಕೊಳ್ಳುವುದರಿಂದ, ಹೊರಗಿನಿಂದ ನೋಡುವವರಿಗೆ ಅದು ಇದೆಯೆಂಬ ಸುಳಿವೂ ಸಿಗುವುದಿಲ್ಲ.

ಮುಚ್ಚಳ ಇದೆ ಎಂದಾದ ಮೇಲೆ ಇಡೀ ಚಿತ್ರವೇ ಬದಲಾಯಿತು. ಮುಚ್ಚಳವಿರುವ ಈ ನೆಲವಾಸಿಗಳು ನಮ್ಮ ತೋಟಗಳಲ್ಲಿ ಕಾಣುವ ಸಾಮಾನ್ಯ ಬಸವನಹುಳುಗಳ ಬಳಗದವಲ್ಲ. ಇವು ಸೀನೊಗ್ಯಾಸ್ಟ್ರೊಪೊಡ ಎಂಬ ಬೇರೆಯೇ ಶಾಖೆಯವು, ನಮ್ಮ ಕೆರೆಗಳ ಆಪಲ್ ಸ್ನೇಲ್ ಕೂಡ ಅದೇ ಶಾಖೆಗೆ ಸೇರುತ್ತದೆ. ಗಂಡು ಹೆಣ್ಣು ಬೇರೆಬೇರೆ. ತೋಟದ ಹುಳುಗಳಂತೆ ಉಭಯಲಿಂಗಿಗಳಲ್ಲ. ನೀರಿನಿಂದ ನೆಲಕ್ಕೆ ಬಂದದ್ದೂ ಪ್ರತ್ಯೇಕವಾಗಿಯೇ. ಅಂದರೆ ಬೆನ್ಸನ್ ಅಕ್ಕಪಕ್ಕದಲ್ಲಿ ಇಟ್ಟ ಎರಡು ಹುಳುಗಳು ನೆಲಕ್ಕೆ ಹತ್ತಿದ ದಾರಿಗಳೇ ಬೇರೆಬೇರೆ. ಫೈಫರ್ 1850ರ ದಶಕದಲ್ಲಿ ಈ ಗುಂಪಿಗೆ ಕುಟುಂಬ ಮಟ್ಟದ ಹೆಸರು ಕೊಟ್ಟರು. ಆಮೇಲೆ ಅದು ಸೈಕ್ಲೊಫೊರಿಡೆಯ ಒಳಗೆ ಹೋಗಿ, ಮತ್ತೆ ಹೊರಗೆ ಬಂದು, ಇಂದು ಸೈಕ್ಲೊಫೊರಾಯ್ಡಿಯ ಎಂಬ ಮೇಲ್ಕುಟುಂಬದಲ್ಲಿ ಸೈಕ್ಲೊಫೊರಿಡೆ, ಪ್ಯೂಪಿನಿಡೆ, ಅಲೈಸಿಯಿಡೆ ಮೊದಲಾದವುಗಳ ಜೊತೆಗೆ ಸಮಾನ ಸ್ಥಾನದಲ್ಲಿ ನಿಂತಿದೆ. ಕೈಪಿಡಿಯಲ್ಲಿ ಈ ಸ್ಥಾನವನ್ನೇ ಕೊಡಿ ಎಂಬುದು ನನ್ನ ಸಲಹೆ.

ಜಿಕೆವಿಕೆ ವಿದ್ಯಾರ್ಥಿ:

ಸರ್, ನಮಗೆ ತರಗತಿಯಲ್ಲಿ ಹೇಳಿಕೊಟ್ಟದ್ದು ಕಣ್ಣಿನ ಜಾಗವನ್ನು ನೋಡಬೇಕು ಎಂದು. ಕೊಂಬಿನ ತುದಿಯಲ್ಲಿ ಕಣ್ಣಿದ್ದರೆ ಶ್ವಾಸಕೋಶವುಳ್ಳದ್ದು, ಬುಡದಲ್ಲಿದ್ದರೆ ಮುಚ್ಚಳವುಳ್ಳದ್ದು. ಆ ನಿಯಮವನ್ನು ಕೈಪಿಡಿಯಲ್ಲಿ ಹಾಕಬಹುದೇ?

ಜಕ್ಕೂರಿನ ಓದುಗ:

ಹಾಕಬಹುದು, ಆದರೆ ಅದೊಂದನ್ನೇ ಕಟ್ಟಳೆಯಾಗಿ ಹಾಕಬಾರದು. ತುದಿಯಲ್ಲಿ ಕಣ್ಣಿದ್ದರೆ ನಿಮ್ಮ ನಿಯಮ ಸರಿಯಾಗಿಯೇ ಕೆಲಸ ಮಾಡುತ್ತದೆ. ಬುಡದಲ್ಲಿದ್ದರೆ ಮಾತ್ರ ಕ್ಯಾರಿಕಿಯಂ ಅಡ್ಡ ಬರುತ್ತದೆ, ಏಕೆಂದರೆ ಅದು ಶ್ವಾಸಕೋಶವುಳ್ಳ ಬಳಗದ್ದೇ ಆದರೂ ಅದರ ಕಣ್ಣು ಬುಡದಲ್ಲಿದೆ. ಆದ್ದರಿಂದ ಬದುಕಿರುವ ಹುಳು ಸಿಕ್ಕರೆ ಮೊದಲು ಮುಚ್ಚಳವನ್ನು ನೋಡಬೇಕು, ಆಮೇಲೆ ಕಣ್ಣನ್ನು. ಎರಡೂ ಒಂದನ್ನೇ ಹೇಳಿದರೆ ಅನುಮಾನಕ್ಕೆ ಎಡೆಯಿಲ್ಲ.

ತರಗೆಲೆ:

ಬದುಕಿರುವ ಹುಳು ಸಿಕ್ಕರೆ ಎಂಬ ಮಾತೇ ದೊಡ್ಡದು. ವಿದ್ಯಾರ್ಥಿಗಳಿಗೆ ನೂರಕ್ಕೆ ತೊಂಬತ್ತು ಪಾಲು ಸಿಗುವುದು ಖಾಲಿ ಚಿಪ್ಪು. ಆದ್ದರಿಂದ ಖಾಲಿ ಚಿಪ್ಪಿನಿಂದಲೇ ಕುಟುಂಬವನ್ನು ಗುರುತಿಸುವ ಬಗೆಯನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ಸಂಗ್ರಹದ ಕ್ರಮ. ಮರದ ಬುಡದ ಮತ್ತು ಬಂಡೆಯ ಸಂದಿನ ತರಗೆಲೆಯನ್ನು, ಅದರ ಕೆಳಗಿನ ಪುಡಿಮಣ್ಣಿನ ಸಮೇತ ಬಟ್ಟೆಚೀಲದಲ್ಲಿ ತಂದು, ವೃತ್ತಪತ್ರಿಕೆಯ ಮೇಲೆ ನೆರಳಿನಲ್ಲಿ ಹರಡಿ ಪೂರ್ತಿ ಒಣಗಿಸಬೇಕು. ಒಣಗದೆ ಮುಂದಿನ ಕೆಲಸ ಸಾಗುವುದಿಲ್ಲ. ಒಣಗಿದ ಮೇಲೆ ದೊಡ್ಡ ಕಣ್ಣಿನ ಜರಡಿಯಲ್ಲಿ ಎಲೆ ಕಡ್ಡಿಗಳನ್ನು ತೆಗೆದು, ಉಳಿದ ಪುಡಿಯನ್ನು ಬಕೆಟ್ ನೀರಿಗೆ ಸುರಿದು ಕೈಯಾಡಿಸಿದರೆ ಮಣ್ಣು ತಳಕ್ಕೆ ಇಳಿಯುತ್ತದೆ, ಒಳಗೆ ಗಾಳಿ ತುಂಬಿರುವ ಚಿಪ್ಪುಗಳು ತೇಲಿ ಬರುತ್ತವೆ. ಅವುಗಳನ್ನು ಚಹಾ ಸೋಸುವ ಜಾಲರಿಯಲ್ಲಿ ಎತ್ತಿ, ಮತ್ತೆ ಒಣಗಿಸಿ, ಒದ್ದೆ ಮಾಡಿದ ಸಣ್ಣ ಕುಂಚದ ತುದಿಯಿಂದ ಒಂದೊಂದಾಗಿ ಆರಿಸಿಕೊಳ್ಳಬೇಕು. ಚಿಮುಟ ಬೇಡ, ಹಿಡಿದ ಕೂಡಲೇ ಪುಡಿಯಾಗುತ್ತವೆ. ಮೀಸಲು ಅರಣ್ಯದಿಂದ ತರಗೆಲೆ ತರುವುದಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು ಎಂಬುದನ್ನು ಈ ಪುಟದಲ್ಲೇ ದಪ್ಪಕ್ಷರದಲ್ಲಿ ಹಾಕಿರಿ.

ಈಗ ಚಿಪ್ಪಿನ ವಿಷಯ. ಡಿಪ್ಲೊಮ್ಯಾಟಿನದ ಚಿಪ್ಪನ್ನು ಸ್ಟೀರಿಯೊ ಸೂಕ್ಷ್ಮದರ್ಶಕದ ಕೆಳಗೆ ಬಾಯಿ ಮೇಲಾಗಿ ಇಟ್ಟಾಗ ಕಣ್ಣಿಗೆ ಬೀಳುವ ಮೊದಲ ಲಕ್ಷಣವೆಂದರೆ, ಕೊನೆಯ ಸುತ್ತಿಗಿಂತ ಅದರ ಮೇಲಿನ ಸುತ್ತೇ ಹೆಚ್ಚು ಅಗಲವಾಗಿರುತ್ತದೆ. ಸಾಮಾನ್ಯ ಬಸವನಹುಳುವಿನಲ್ಲಿ ಸುತ್ತುಗಳು ಕೆಳಕ್ಕೆ ಬಂದಂತೆ ಅಗಲವಾಗುತ್ತಲೇ ಹೋಗುತ್ತವೆ. ಇಲ್ಲಿ ಹಾಗಲ್ಲ. ಎರಡನೆಯದಾಗಿ, ಬಾಯಿಯಿಂದ ಸ್ವಲ್ಪ ಹಿಂದೆ, ಕೊನೆಯ ಸುತ್ತು ಆರಂಭವಾಗುವ ಸುಮಾರಿಗೆ ಕೊಳವೆ ಒಂದು ಕಡೆ ಬಿಗಿದು ಕಿರಿದಾಗಿರುತ್ತದೆ. ಬೆಳಕನ್ನು ಹಿಂದಿನಿಂದ ಬಿಟ್ಟರೆ ಅರೆಪಾರದರ್ಶಕ ಗೋಡೆಯ ಮೂಲಕ ಆ ಬಿಗಿತದ ಜಾಗದಲ್ಲಿ ಒಂದು ಬಿಳಿಯ ಗೆರೆ, ಅಂದರೆ ಒಳಗಿನ ಹಲ್ಲಿನಂಥ ಏಣು, ನೆರಳಿನಂತೆ ಕಾಣುತ್ತದೆ. ಹುಳು ಒಳಕ್ಕೆ ಸರಿದಾಗ ಮುಚ್ಚಳ ಬಂದು ನಿಲ್ಲುವುದು ಈ ಬಿಗಿತದ ಹತ್ತಿರವೇ. ಹೀಗಾಗಿ ಮುಚ್ಚಳ ಕಳೆದುಹೋದ ಚಿಪ್ಪಿನಲ್ಲೂ ಮುಚ್ಚಳ ಕೂರುತ್ತಿದ್ದ ಜಾಗ ಉಳಿದಿರುತ್ತದೆ. ಕ್ಯಾರಿಕಿಯಂನಲ್ಲಿ ಇದಿಲ್ಲ. ನನ್ನ ಅಭಿಪ್ರಾಯದಲ್ಲಿ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಗುರುತು ಬೇರೆ ಇಲ್ಲ.

ಮೇಲ್ಮೈಯ ಏಣುಗೆರೆಗಳು, ಬಾಯಂಚಿನ ಎರಡು ಪದರ, ಒಳಗಂಬದ ಮೇಲಿನ ಹಲ್ಲು ಇವೆಲ್ಲ ಪ್ರಭೇದವನ್ನು ಬೇರ್ಪಡಿಸಲು ಬೇಕಾಗುತ್ತವೆ. ಕುಟುಂಬದ ಮಟ್ಟದಲ್ಲಿ ಅವುಗಳಿಗೆ ಅಷ್ಟು ತೂಕ ಕೊಡುವುದು ಬೇಡ.

ಬಸವನಗುಡಿಯ ಭೂವಿಜ್ಞಾನ ಆಸಕ್ತ:

ನನಗೆ ಪ್ರಾಣಿಶಾಸ್ತ್ರ ಅಷ್ಟಾಗಿ ತಿಳಿಯದು, ಕಲ್ಲಿನ ವಿಷಯವಾಗಿ ಒಂದು ಮಾತು ಹೇಳುತ್ತೇನೆ. ಈ ಕುಟುಂಬದ ಬಗ್ಗೆ ಓದಿದ ಕಡೆಯಲ್ಲೆಲ್ಲ ಮಲೇಷ್ಯಾದ, ಬೋರ್ನಿಯೊದ ಸುಣ್ಣಕಲ್ಲಿನ ಗುಡ್ಡಗಳೇ ಬರುತ್ತವೆ. ಚಿಪ್ಪು ಕಟ್ಟಲು ಸುಣ್ಣ ಬೇಕು, ಸುಣ್ಣಕಲ್ಲಿನ ಗುಡ್ಡಗಳು ಒಂದರಿಂದೊಂದು ದೂರವಾಗಿ ದ್ವೀಪಗಳಂತೆ ಇರುತ್ತವೆ, ಆದ್ದರಿಂದ ಗುಡ್ಡಕ್ಕೊಂದು ಪ್ರಭೇದ ಬೆಳೆಯುತ್ತದೆ ಎಂಬ ವಿವರಣೆ ಸಮಂಜಸವಾಗಿದೆ. ಆದರೆ ನಮ್ಮ ಬೆಂಗಳೂರು ನಿಂತಿರುವುದು ನೈಸ್ ಶಿಲೆಯ ಮೇಲೆ, ಲಾಲ್‌ಬಾಗಿನ ಬಂಡೆ ಅದರ ಹೆಸರಾಂತ ಮಾದರಿ. ಮಲೆನಾಡಿನ ಬಹುಭಾಗದಲ್ಲಿ ಇರುವುದು ನೈಸ್, ಗ್ರಾನೈಟು, ಜಂಬಿಟ್ಟಿಗೆ. ಸುಣ್ಣವಿಲ್ಲದ ನೆಲದಲ್ಲಿ ಈ ಹುಳುಗಳು ಹೇಗೆ ಬದುಕಿವೆ?

ತರಗೆಲೆ:

ಬಂಡೆಯಲ್ಲಿ ಸುಣ್ಣವಿಲ್ಲದಿದ್ದರೂ ತರಗೆಲೆಯಲ್ಲಿ ಕ್ಯಾಲ್ಸಿಯಂ ಇರುತ್ತದೆ ಸರ್. ಮರಗಳು ಬೇರಿನಿಂದ ಎಳೆದುಕೊಂಡದ್ದು ಎಲೆಯ ಮೂಲಕ ನೆಲಕ್ಕೆ ಬಂದು ಬೀಳುತ್ತದೆ, ಎರಡು ಮಿಲಿಮೀಟರ್ ಚಿಪ್ಪಿಗೆ ಬೇಕಾಗುವ ಪ್ರಮಾಣವೂ ಬಹಳ ಅಲ್ಪ. ಸುಣ್ಣಕಲ್ಲಿನ ಮೇಲೆ ಹುಳುಗಳು ಸಂಖ್ಯೆಯಲ್ಲಿ ಹೆಚ್ಚು, ನಿತ್ಯಹರಿದ್ವರ್ಣ ಕಾಡಿನ ತರಗೆಲೆಯಲ್ಲಿ ಕಡಿಮೆ ಮತ್ತು ಚದುರಿಕೊಂಡಿರುತ್ತವೆ. ಅಷ್ಟೇ ವ್ಯತ್ಯಾಸ, ಇಲ್ಲವೆಂದಲ್ಲ. ಯಾಣದಂಥ ಸುಣ್ಣಕಲ್ಲಿನ ಜಾಗಗಳನ್ನು ವಿಶೇಷವಾಗಿ ಹುಡುಕಬೇಕು ಎಂಬ ಸೂಚನೆ ನಿಮ್ಮ ಮಾತಿನಿಂದ ಸಿಗುತ್ತದೆ, ಅದನ್ನು ಕೈಪಿಡಿಯಲ್ಲಿ ಸೇರಿಸುವುದು ಒಳ್ಳೆಯದು.

ಜಿಕೆವಿಕೆ ವಿದ್ಯಾರ್ಥಿ:

ಜಗತ್ತಿನ ಅತಿ ಚಿಕ್ಕ ನೆಲಬಸವನಹುಳು ಇದೇ ಕುಟುಂಬದ್ದೇ? ಸೂಜಿಯ ಕಣ್ಣಿನೊಳಗೆ ಇಟ್ಟ ಚಿಪ್ಪಿನ ಚಿತ್ರವನ್ನು ಎಲ್ಲೋ ನೋಡಿದ ನೆನಪು.

ಜಕ್ಕೂರಿನ ಓದುಗ:

ಅಲ್ಲ. ನೀವು ನೋಡಿದ್ದು ಬಹುಶಃ ಚೀನಾದ ಗ್ವಾಂಗ್‌ಶಿ ಪ್ರಾಂತ್ಯದಿಂದ 2015ರಲ್ಲಿ ವಿವರಿಸಲಾದ ಅಂಗುಸ್ಟೊಪೈಲ ಡೊಮಿನಿಕೆಯ ಚಿತ್ರ. ಅದರ ಎತ್ತರ 0.86 ಮಿಲಿಮೀಟರ್. ಅದು ಹಿಪ್ಸೆಲೊಸ್ಟೊಮಾಟಿಡೆ ಕುಟುಂಬದ್ದು, ಮುಚ್ಚಳವಿಲ್ಲದ, ಶ್ವಾಸಕೋಶವುಳ್ಳ ಬಳಗ. ಅದೇ ವರ್ಷ ಬೋರ್ನಿಯೊದಿಂದ ವಿವರಿಸಲಾದ ಅಕ್ಮೆಲ್ಲ ನಾನ ಇನ್ನೂ ಚಿಕ್ಕದು, ಸುಮಾರು 0.7 ಮಿಲಿಮೀಟರ್. ಅದಕ್ಕೆ ಮುಚ್ಚಳವಿದೆ, ಆದರೂ ಅದು ಅಸ್ಸಿಮಿನೆಯಿಡೆ ಎಂಬ ಮತ್ತೊಂದು ಕುಟುಂಬಕ್ಕೆ ಸೇರಿದ್ದು. 2022ರಲ್ಲಿ ವಿಯೆಟ್ನಾಮಿನ ಅಂಗುಸ್ಟೊಪೈಲ ಸಾಮಿಯಾನ್ ಆ ದಾಖಲೆಯನ್ನೂ ಹಿಂದಿಕ್ಕಿತು.

ಇದನ್ನು ಬರಿಯ ದಾಖಲೆಯಾಗಿ ಹೇಳುವುದಕ್ಕಿಂತ, ಪುಟ್ಟದಾಗುವುದು ಒಂದು ಕುಟುಂಬದ ಸೊತ್ತಲ್ಲ ಎಂಬುದಕ್ಕೆ ಸಾಕ್ಷಿಯಾಗಿ ಹೇಳಿದರೆ ಚೆನ್ನ. ತರಗೆಲೆಯ ನಡುವಿನ ಒದ್ದೆ ಸಂದುಗಳಲ್ಲಿ ಬದುಕಲು ಬಂದ ಬೇರೆಬೇರೆ ವಂಶಗಳು ಪ್ರತ್ಯೇಕವಾಗಿ ಕಿರಿದಾಗಿವೆ, ಕಿರಿದಾದ ಮೇಲೆ ಆಕಾರದಲ್ಲೂ ಒಂದನ್ನೊಂದು ಹೋಲುತ್ತವೆ. ‘ಪುಟ್ಟ ಹುಳುಗಳು’ ಎಂಬ ತಲೆಬರಹದ ಕೆಳಗೆ ಇವನ್ನೆಲ್ಲ ಒಟ್ಟಿಗೆ ಹಾಕಬಾರದು ಎಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಚಿಪ್ಪುಸಂಗ್ರಹ:

ಸುಳಿಯ ದಿಕ್ಕಿನ ಬಗ್ಗೆ ಯಾರೂ ಮಾತನಾಡಲಿಲ್ಲ. ನಮ್ಮಲ್ಲಿ ಬಲಮುರಿ, ಎಡಮುರಿ ಶಂಖಗಳ ವ್ಯತ್ಯಾಸ ಎಲ್ಲರಿಗೂ ಗೊತ್ತಿರುವುದರಿಂದ ವಿದ್ಯಾರ್ಥಿಗಳು ಮೊದಲು ಅದನ್ನೇ ಗಮನಿಸುತ್ತಾರೆ. ಬಹುಪಾಲು ಬಸವನಹುಳು ಕುಟುಂಬಗಳಲ್ಲಿ ಒಂದೇ ದಿಕ್ಕು ಕಾಣುತ್ತದೆ, ಸಾಮಾನ್ಯವಾಗಿ ಚಿಪ್ಪಿನ ತುದಿಯನ್ನು ಮೇಲಕ್ಕೆ, ಬಾಯಿಯನ್ನು ನಮ್ಮ ಕಡೆಗಿಟ್ಟಾಗ ಬಾಯಿ ಬಲಕ್ಕೆ ಬರುವುದು. ಇಲ್ಲಿ ನಾನು ಅದನ್ನೇ ಬಲಮುರಿ, ಬಾಯಿ ಎಡಕ್ಕೆ ಬರುವುದನ್ನು ಎಡಮುರಿ ಎನ್ನುತ್ತೇನೆ; ಶಂಖದ ರೂಢಿಯ ಹೆಸರುಗಳು ಇದಕ್ಕೆ ತಿರುಗುಮುರುಗು. ಈ ಕುಟುಂಬದಲ್ಲಿ ಎರಡೂ ಇವೆ. ಪೆಸಿಫಿಕ್ ದ್ವೀಪಗಳ ಪಲೈನ ಎಂಬ ಕುಲವನ್ನು ಸೆಂಪರ್ 1865ರಲ್ಲಿ ಬೇರ್ಪಡಿಸಿದಾಗಿನಿಂದ ಎಡಮುರಿ ಚಿಪ್ಪುಗಳನ್ನು ಅದರ ಕಡೆಗೆ ತಳ್ಳುವ ರೂಢಿ ಇತ್ತು. ಡಿಪ್ಲೊಮ್ಯಾಟಿನದಲ್ಲೇ ಎಡಮುರಿಗಳು ಸಿಗುವುದರಿಂದ ಆ ರೂಢಿ ನಿಲ್ಲಲಾರದು. ಎಡಮುರಿ ಸಿಕ್ಕಿತೆಂದು ಯಾರೂ ಹೊಸ ಕುಲದ ಮಾತು ಎತ್ತದಿರುವಂತೆ ಕೈಪಿಡಿಯಲ್ಲಿ ಒಂದು ವಾಕ್ಯ ಇರಲಿ.

ಮಲ್ಲೇಶ್ವರದ ಶಿಕ್ಷಕಿ:

ಇಷ್ಟು ವಿವರ ಕೊಟ್ಟ ಎಲ್ಲರಿಗೂ ಕೃತಜ್ಞತೆಗಳು. ಹಾಗಾದರೆ ಕಾಕ್ಲೊಸ್ಟೋಮದ ಪ್ರಶ್ನೆ ಉಳಿಯಿತು. ಯುರೋಪಿನ ಆ ಗುಂಪನ್ನು ಹೊರಗಿಡಲು ಸಾಕಷ್ಟು ಕಾರಣವಿದೆಯೇ, ಅಥವಾ ಇದು ಇಂದು ಹೊರಗೆ ನಾಳೆ ಒಳಗೆ ಎಂಬ ರೀತಿಯದೇ? ಇನ್ನೊಂದು, ಓಪಿಸ್ಥೊಸ್ಟೋಮ ಎಂಬ ಕುಲದ ಚಿತ್ರಗಳನ್ನು ಹುಡುಕಿದರೆ ಬೋರ್ನಿಯೊದ ಚಿಪ್ಪುಗಳೇ ಬರುತ್ತವೆ, ಆದರೆ ಅವುಗಳಲ್ಲಿ ಬಹಳಷ್ಟಕ್ಕೆ ಈಗ ಪ್ಲೆಕ್ಟೊಸ್ಟೋಮ ಎಂಬ ಹೆಸರಿದೆ. ನಮ್ಮ ಘಟ್ಟದವಕ್ಕೆ ಯಾವ ಹೆಸರು?

ಜಕ್ಕೂರಿನ ಓದುಗ:

ಕಾಕ್ಲೊಸ್ಟೋಮವನ್ನು ಹೊರಗಿಡಲು ಕಾರಣ ಬಲವಾಗಿದೆ. ವೆಬ್‌ಸ್ಟರ್, ವ್ಯಾನ್ ಡೋರೆನ್ ಮತ್ತು ಶಿಲ್ತ್‌ಹೌಜೆನ್ 2012ರಲ್ಲಿ ಪ್ರಕಟಿಸಿದ ಡಿಎನ್‌ಎ ಆಧಾರಿತ ವಂಶವೃಕ್ಷದಲ್ಲಿ ಅದು ಡಿಪ್ಲೊಮ್ಯಾಟಿನಿಡೆಯ ಉಳಿದವುಗಳ ಜೊತೆ ಒಂದೇ ಕೊಂಬೆಯಲ್ಲಿ ಕೂರಲಿಲ್ಲ. ಅದಕ್ಕಾಗಿ ಹೊಸ ಹೆಸರು ಕಟ್ಟಬೇಕಾಗಿಯೂ ಇರಲಿಲ್ಲ, ಕೊಬೆಲ್ಟ್ 1902ರಲ್ಲೇ ಕೊಟ್ಟಿದ್ದ ಹೆಸರಿನಿಂದ ಕಾಕ್ಲೊಸ್ಟೊಮಾಟಿಡೆ ಎಂಬ ಕುಟುಂಬವಾಗಿ ಅದು ನಿಂತಿದೆ. ಕಾಕ್ಲೊಸ್ಟೋಮದ ಚಿಪ್ಪಿನಲ್ಲಿ ತರಗೆಲೆ ಅವರು ವಿವರಿಸಿದ ಆ ಬಿಗಿತವೂ ಇಲ್ಲ. ಚಿಪ್ಪಿನ ಸಾಕ್ಷ್ಯ ಮತ್ತು ಡಿಎನ್‌ಎ ಸಾಕ್ಷ್ಯ ಒಂದೇ ಕಡೆಗೆ ಬೆರಳು ತೋರಿಸುವಾಗ ಕೈಪಿಡಿಯವರು ಹಿಂಜರಿಯಬೇಕಾಗಿಲ್ಲ.

ಎರಡನೆಯ ಪ್ರಶ್ನೆ ಕನ್ನಡ ಓದುಗರಿಗೆ ಇನ್ನೂ ಹತ್ತಿರದ್ದು. ಓಪಿಸ್ಥೊಸ್ಟೋಮವನ್ನು ಬ್ಲಾನ್‌ಫೋರ್ಡ್ ಸಹೋದರರು 1860ರಲ್ಲಿ ಸ್ಥಾಪಿಸಿದ್ದು ನೀಲಗಿರಿಯ ಚಿಪ್ಪನ್ನು ನೋಡಿ. ಅವರಲ್ಲಿ ಹಿರಿಯರಾದ ವಿಲಿಯಂ ಬ್ಲಾನ್‌ಫೋರ್ಡ್ ಭಾರತದ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯಲ್ಲಿದ್ದವರು. ಓಪಿಸ್ಥೊಸ್ಟೋಮ ನೀಲಗಿರಿಕಂ ಆ ಕುಲದ ಮಾದರಿ ಪ್ರಭೇದ. ಆಮೇಲೆ ಖಂಡಾಲದಿಂದ ಒಂದು, ದಕ್ಷಿಣದ ಬೆಟ್ಟಗಳಿಂದ ಇನ್ನು ಕೆಲವು ಸೇರಿದವು. 1875ರಲ್ಲಿ ಬೆಡ್ಡೋಮ್ ಅವರು ಹೆಸರಿಟ್ಟವೂ ಇವೆ. ಮದ್ರಾಸ್ ಅರಣ್ಯ ಇಲಾಖೆಯ ಅಧಿಕಾರಿಯಾಗಿದ್ದ, ನಮ್ಮ ಹಾವು, ಹಲ್ಲಿ, ಜರಿಗಿಡಗಳ ಹೆಸರುಗಳಲ್ಲಿ ಪದೇ ಪದೇ ಬರುವ ಅದೇ ಬೆಡ್ಡೋಮ್. ಪೆಸಿಫಿಕ್‌ನ ಪಲಾವು ದ್ವೀಪಗಳ ಹಂಗರ್‌ಫೋರ್ಡಿಯ ಎಂಬ ಕುಲಕ್ಕೂ 1889ರಲ್ಲಿ ಹೆಸರಿಟ್ಟವರು ಅವರೇ, ಅದೂ ಇದೇ ಕುಟುಂಬದ್ದು.

ಬೋರ್ನಿಯೊ ಮತ್ತು ಮಲಯದಲ್ಲಿ ಅದೇ ಬಗೆಯ, ಕೊನೆಯ ಸುತ್ತು ಬಿಡಿಸಿಕೊಂಡು ತಿರುಗಿದ ಚಿಪ್ಪುಗಳು ಹತ್ತಾರು ಸಿಕ್ಕಾಗ ಅವನ್ನೂ ಓಪಿಸ್ಥೊಸ್ಟೋಮದಲ್ಲೇ ಸೇರಿಸಲಾಯಿತು. ಪ್ಲೆಕ್ಟೊಸ್ಟೋಮ ಎಂಬ ಹೆಸರು 1865ರಿಂದಲೇ ಇದ್ದರೂ ಅದನ್ನು ಉಪಕುಲವೆಂದು ಕಾಣುವ ರೂಢಿ ಬಹುಕಾಲ ನಡೆಯಿತು. 2014ರಲ್ಲಿ ಲ್ಯೂ ಥೋರ್ ಸೆಂಗ್ ಮತ್ತು ಸಂಗಡಿಗರು ಮಲಯ, ಸುಮಾತ್ರ, ಇಂಡೋಚೀನಾದ ಪ್ರಭೇದಗಳನ್ನು ಪರಿಷ್ಕರಿಸಿದಾಗ ಪ್ಲೆಕ್ಟೊಸ್ಟೋಮವನ್ನು ಸ್ವತಂತ್ರ ಕುಲವಾಗಿಯೇ ಇಟ್ಟರು. ಹೀಗೆ ಒಂದು ಕುಲ ಎರಡಾಗುವಾಗ ಹಳೆಯ ಹೆಸರು ಯಾರಿಗೆ ಹೋಗಬೇಕೆಂಬುದನ್ನು ಸಂಖ್ಯೆಯಾಗಲಿ ಪ್ರಸಿದ್ಧಿಯಾಗಲಿ ತೀರ್ಮಾನಿಸುವುದಿಲ್ಲ. ಹೆಸರು ಮಾದರಿ ಪ್ರಭೇದದ ಹಿಂದೆ ಹೋಗುತ್ತದೆ. ಮಾದರಿ ಪ್ರಭೇದ ನೀಲಗಿರಿಯದಾದ್ದರಿಂದ, ಘಟ್ಟದ ಬೆರಳೆಣಿಕೆಯ ಪ್ರಭೇದಗಳು ಓಪಿಸ್ಥೊಸ್ಟೋಮವಾಗಿಯೇ ಉಳಿಯುತ್ತವೆ. ಆಗ್ನೇಯ ಏಷ್ಯಾದ ಯಾವ ಪ್ರಭೇದ ಆ ಹೆಸರಿನಲ್ಲಿ ಮುಂದುವರಿಯಬೇಕು ಎಂಬುದನ್ನು ನಮ್ಮ ಹುಳುವಿನ ಜೊತೆ ಹೋಲಿಸಿಯೇ ನಿರ್ಧರಿಸಬೇಕು.

ಇದರಿಂದ ನಮ್ಮ ಮೇಲೆ ಒಂದು ಹೊಣೆ ಬೀಳುತ್ತದೆ. ಮಾದರಿ ನೆಲೆಯಿಂದ, ಅಂದರೆ ಮಾದರಿ ಪ್ರಭೇದದ ಮೂಲ ಚಿಪ್ಪು ಸಿಕ್ಕ ಜಾಗದಿಂದ, ಹೊಸದಾಗಿ ಸಂಗ್ರಹಿಸಿ ಆಲ್ಕೋಹಾಲಿನಲ್ಲಿಟ್ಟ ಹುಳುಗಳು ಇಲ್ಲದೆ ಈ ಇಡೀ ಗುಂಪಿನ ಹೆಸರುಗಳಿಗೆ ಗಟ್ಟಿ ತಳಹದಿ ಸಿಗುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಸಂಗ್ರಹಗಳಲ್ಲಿ ಬಹುತೇಕ ಇರುವುದು ಒಣ ಚಿಪ್ಪು, ಬೆನ್ಸನ್ ಅವರದು ಕೇಂಬ್ರಿಜಿನಲ್ಲಿ, ಇತರ ಹಲವರದು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿ. ಘಟ್ಟ ನಮ್ಮ ಮನೆಬಾಗಿಲಲ್ಲಿದೆ. ಡಿಎನ್‌ಎ ಓದುವ ಸೌಕರ್ಯವೂ ಬೆಂಗಳೂರಿನಲ್ಲಿದೆ. ಈ ಕೆಲಸ ಇಲ್ಲಿಂದಲೇ ಆಗಬೇಕು.

ಚಿಪ್ಪುಸಂಗ್ರಹ:

ಚಿಪ್ಪಿನ ಆಕಾರವನ್ನು ಎಷ್ಟು ನಂಬಬಹುದು ಎಂಬ ಪ್ರಶ್ನೆಗೆ ಈ ಕುಟುಂಬದಲ್ಲೇ ಎರಡು ಉದಾಹರಣೆಗಳಿವೆ.

ಒಂದು, ಮಲೇಷ್ಯಾದಿಂದ 2008ರಲ್ಲಿ ವಿವರಿಸಲಾದ ಓಪಿಸ್ಥೊಸ್ಟೋಮ ವರ್ಮಿಕ್ಯುಲಂ. ಬಸವನಹುಳುವಿನ ಚಿಪ್ಪು ಒಂದು ಅಕ್ಷದ ಸುತ್ತ ಸುತ್ತುವುದು ನಿಯಮ. ಇದು ನಾಲ್ಕು ಅಕ್ಷಗಳ ಸುತ್ತ ಸುತ್ತುತ್ತದೆ, ಕೊಳವೆ ಮೂರು ಸಲ ಚಿಪ್ಪಿನಿಂದ ಬಿಡಿಸಿಕೊಂಡು ಎರಡು ಸಲ ಮತ್ತೆ ಅಂಟಿಕೊಳ್ಳುತ್ತದೆ. ಅದನ್ನು ವಿವರಿಸಿದ ಕ್ಲೆಮೆಂಟ್ಸ್ ಮತ್ತು ಸಂಗಡಿಗರಿಗೆ ಸಿಕ್ಕ ಚಿಪ್ಪುಗಳಲ್ಲೆಲ್ಲ ಈ ವಿಚಿತ್ರ ಸುತ್ತುವಿಕೆ ಒಂದೇ ಕ್ರಮದಲ್ಲಿತ್ತು ಎಂಬುದು ನನಗೆ ಅತ್ಯಂತ ಗಮನಾರ್ಹವಾಗಿ ಕಂಡಿದೆ. ಇದು ಅಂಕೆತಪ್ಪಿದ ಬೆಳವಣಿಗೆಯಲ್ಲ, ಅಂಕೆಯಲ್ಲೇ ಇರುವ ಬೇರೆ ಬಗೆಯ ಬೆಳವಣಿಗೆ.

ಎರಡನೆಯದು ಬೋರ್ನಿಯೊದ ಕಿನಾಬಟಾಂಗನ್ ನದಿಯ ಬಯಲಿನ ಸುಣ್ಣಕಲ್ಲಿನ ಗುಡ್ಡಗಳದು. ಅಲ್ಲಿ ಈಗ ಪ್ಲೆಕ್ಟೊಸ್ಟೋಮ ಕಾನ್ಸಿನ್ನಂ ಎಂದು ಕರೆಯುವ ಹುಳುವನ್ನು ಅಟೋಪೋಸ್ ಎಂಬ ಚಿಪ್ಪಿಲ್ಲದ ಹುಳು ತಿನ್ನುತ್ತದೆ. ಬಾಯಿಯ ಮೂಲಕ ತಲುಪಲಾಗದಿದ್ದರೆ ಚಿಪ್ಪಿನ ಗೋಡೆಯಲ್ಲೇ ತೂತು ಕೊರೆಯುತ್ತದೆ. ಶಿಲ್ತ್‌ಹೌಜೆನ್ ಮತ್ತು ಸಂಗಡಿಗರು 2006ರಲ್ಲಿ ತೋರಿಸಿದ್ದೇನೆಂದರೆ, ಚಿಪ್ಪಿನ ಆಕಾರವೂ ಬೇಟೆಯ ರೀತಿಯೂ ಗುಡ್ಡದಿಂದ ಗುಡ್ಡಕ್ಕೆ ಬೇರೆಯಾಗಿವೆ. ಒಂದೇ ಪ್ರಭೇದದೊಳಗೆ ಅಷ್ಟು ಸಮೀಪದಲ್ಲಿ ಆಕಾರ ಬದಲಾಗುವುದಾದರೆ, ಏಣುಗಳು ಎಷ್ಟಿವೆ, ಎಷ್ಟು ಹರಡಿವೆ ಎಂಬ ಲೆಕ್ಕವನ್ನು ಹಿಡಿದು ಕುಲಗಳನ್ನು ಕಟ್ಟುವುದು ಅಪಾಯಕಾರಿ. ಒಳಗಿನ ಬಿಗಿತದಂಥ ಲಕ್ಷಣ ಕುಟುಂಬದಾದ್ಯಂತ ಉಳಿದುಬಂದಿದೆ, ಅದಕ್ಕೆ ತೂಕ ಕೊಡುವುದು ನ್ಯಾಯ.

ಬಸವನಗುಡಿಯ ಭೂವಿಜ್ಞಾನ ಆಸಕ್ತ:

ಗುಡ್ಡಕ್ಕೊಂದು ಪ್ರಭೇದ ಎಂದಾಗ ಗುಡ್ಡವೇ ಹೋದರೆ ಎಂಬ ಯೋಚನೆ ಬರದೆ ಇರುವುದಿಲ್ಲ.

ಚಿಪ್ಪುಸಂಗ್ರಹ:

ಅದು ಬರಿಯ ಯೋಚನೆಯಾಗಿ ಉಳಿದಿಲ್ಲ ಸರ್. ಮಲೇಷ್ಯಾದ ಪಹಾಂಗ್ ರಾಜ್ಯದ ಬುಕಿತ್ ಪಂಚಿಂಗ್ ಎಂಬ ಸುಣ್ಣಕಲ್ಲಿನ ಗುಡ್ಡದಲ್ಲಿ ಮಾತ್ರ ಪ್ಲೆಕ್ಟೊಸ್ಟೋಮ ಸಿಯಾಫಿಲಂ ಇತ್ತು. ಗುಡ್ಡವನ್ನು ಕಲ್ಲುಗಣಿಗಾಗಿ ಪೂರ್ತಿ ಕಡಿದು ತೆಗೆಯಲಾಯಿತು. ಆ ಪ್ರಭೇದವನ್ನು ಈಗ ಅಳಿದುಹೋದವುಗಳ ಪಟ್ಟಿಯಲ್ಲಿ ಸೇರಿಸಲಾಗಿದೆ. 1952ರಲ್ಲಿ ಹೆಸರು ಪಡೆದ ಹುಳುವೊಂದು, ಹೆಸರಿಟ್ಟವರ ನಂತರದ ಒಂದೆರಡು ತಲೆಮಾರಿನೊಳಗೆ ಇಲ್ಲವಾಯಿತು. ವರ್ಗೀಕರಣವನ್ನು ಕಾಗದದ ಕೆಲಸವೆಂದು ತಿಳಿಯುವವರು ಇದನ್ನು ಗಮನಿಸಬೇಕು. ಬೇರೆ ಪ್ರಭೇದವೆಂದು ಯಾರೂ ಗುರುತಿಸದೆ ಇದ್ದಿದ್ದರೆ, ಅದು ಹೋದದ್ದೂ ಯಾರಿಗೂ ತಿಳಿಯುತ್ತಿರಲಿಲ್ಲ.

ಮಲ್ಲೇಶ್ವರದ ಶಿಕ್ಷಕಿ:

ಈವರೆಗಿನ ಚರ್ಚೆಯ ಆಧಾರದ ಮೇಲೆ ನಮೂದಿನ ಕರಡನ್ನು ಇಲ್ಲಿ ಹಾಕುತ್ತಿದ್ದೇನೆ, ದಯವಿಟ್ಟು ಎಲ್ಲರೂ ತಿದ್ದಿರಿ.

“ಡಿಪ್ಲೊಮ್ಯಾಟಿನಿಡೆ. ಮೃದ್ವಂಗಿಗಳ ಉದರಪಾದಿ ವರ್ಗ, ಸೀನೊಗ್ಯಾಸ್ಟ್ರೊಪೊಡ ಶಾಖೆ, ಸೈಕ್ಲೊಫೊರಾಯ್ಡಿಯ ಮೇಲ್ಕುಟುಂಬ. ಮುಚ್ಚಳವುಳ್ಳ ಪುಟ್ಟ ನೆಲಬಸವನಹುಳುಗಳು. ಕೊನೆಯ ಸುತ್ತು ಅದರ ಮೇಲಿನ ಸುತ್ತಿಗಿಂತ ಸಾಮಾನ್ಯವಾಗಿ ಕಿರಿದು, ಒಳಗೆ ಬಿಗಿತವುಂಟು. ಬಲಮುರಿ ಮತ್ತು ಎಡಮುರಿ ಎರಡೂ ಇವೆ. ದಕ್ಷಿಣ ಮತ್ತು ಆಗ್ನೇಯ ಏಷ್ಯಾ, ಜಪಾನ್, ಆಸ್ಟ್ರೇಲಿಯಾ, ಪೆಸಿಫಿಕ್ ದ್ವೀಪಗಳಲ್ಲಿ ಹರಡಿಕೊಂಡಿದ್ದು, ನಾಲ್ಕುನೂರಕ್ಕೂ ಹೆಚ್ಚು ಪ್ರಭೇದಗಳಿಗೆ ಹೆಸರಿಡಲಾಗಿದೆ. ದಕ್ಷಿಣ ಭಾರತದಲ್ಲಿ ಡಿಪ್ಲೊಮ್ಯಾಟಿನ, ನಿಸಿಡ, ಓಪಿಸ್ಥೊಸ್ಟೋಮ ಎಂಬ ಕುಲಗಳಿವೆ. ಬೆಂಗಳೂರಿನ ಉದ್ಯಾನಗಳ ಮಣ್ಣಿನಲ್ಲೂ ಹುಡುಕಬಹುದು.”

ತರಗೆಲೆ:

ಕೊನೆಯ ವಾಕ್ಯವನ್ನು ತೆಗೆಯಬೇಕೆಂದು ಕೋರುತ್ತೇನೆ. ಬೆಂಗಳೂರಿನ ಉದ್ಯಾನಗಳಿಗೆ, ನರ್ಸರಿಗಳಿಗೆ ಬರುವ ಗಿಡ, ಗೊಬ್ಬರ, ಕೆಮ್ಮಣ್ಣು ಎಲ್ಲವೂ ಬೇರೆಬೇರೆ ಊರುಗಳಿಂದ ಬರುತ್ತವೆ, ಅವುಗಳ ಜೊತೆಗೆ ಪುಟ್ಟ ಚಿಪ್ಪುಗಳೂ ಬರುತ್ತವೆ. ಆಫ್ರಿಕಾದ ದೈತ್ಯ ಬಸವನಹುಳು ಮನುಷ್ಯನ ಜೊತೆಗೇ ಊರೂರಿಗೆ ಹಬ್ಬಿದ್ದನ್ನು ನಾವೆಲ್ಲ ನೋಡಿದ್ದೇವೆ, ಪುಟ್ಟವು ಹಬ್ಬುವುದು ಕಣ್ಣಿಗೂ ಬೀಳುವುದಿಲ್ಲ. ಕುಂಡದ ಮಣ್ಣಿನಲ್ಲಿ ಒಂದು ಚಿಪ್ಪು ಸಿಕ್ಕರೆ ಅದನ್ನು ಬೆಂಗಳೂರಿನ ನೆಲೆಯೆಂದು ಬರೆಯುವುದು ಮುಂದಿನ ನೂರು ವರ್ಷದ ಓದುಗರನ್ನು ದಾರಿತಪ್ಪಿಸುತ್ತದೆ. ನಗರದಲ್ಲಿ ಜರಡಿ ಹಿಡಿದು ಅಭ್ಯಾಸ ಮಾಡಲಿ. ಅಲ್ಲಿ ಸಿಗುವ ಬೇರೆ ಕುಟುಂಬಗಳ ಪುಟ್ಟ ಚಿಪ್ಪುಗಳ ಮೇಲೆ ಕಣ್ಣು ಪಳಗಲಿ. ನೆಲೆಯ ದಾಖಲೆ ಮಾತ್ರ ಕಾಡಿನಿಂದ ಬರಲಿ.

ಜಕ್ಕೂರಿನ ಓದುಗ:

ನಾನೂ ಇದನ್ನು ಒಪ್ಪುತ್ತೇನೆ. ಹರಡಿಕೆಯ ವಾಕ್ಯದಲ್ಲಿ ಮಧ್ಯ ಮತ್ತು ದಕ್ಷಿಣ ಅಮೆರಿಕವನ್ನು ಸೇರಿಸಬೇಕು. ಅಡೆಲೊಪೋಮ ಎಂಬ ಕುಲ ಅಲ್ಲಿದೆ, ಏಷ್ಯಾದ ಬಂಧುಗಳಿಂದ ಅಷ್ಟು ದೂರದಲ್ಲಿ ಅದು ಇರುವುದೇ ಈ ಕುಟುಂಬದ ಪ್ರಾಚೀನತೆಯ ಬಗ್ಗೆ ಯೋಚಿಸುವಂತೆ ಮಾಡುತ್ತದೆ. ನಿಸಿಡಕ್ಕೆ ಬ್ಲಾನ್‌ಫೋರ್ಡ್, 1868 ಎಂದು ಬರೆದು, ಅದು ದಕ್ಷಿಣ ಭಾರತ ಮತ್ತು ಶ್ರೀಲಂಕಾಗಳಿಗೆ ಸೀಮಿತವೆಂದು ಸೂಚಿಸಿ. ಘಟ್ಟದ ಒಟ್ಟು ನೆಲಬಸವನಹುಳುಗಳ ಲೆಕ್ಕ ಬೇಕಾದರೆ ಬೆಂಗಳೂರಿನ ಏಟ್ರೀ ಸಂಸ್ಥೆಯ ಅರವಿಂದ ಅವರು ರಾಜಶೇಖರ ಮತ್ತು ಮಧ್ಯಸ್ಥ ಅವರ ಜೊತೆ 2005ರಲ್ಲಿ ಪ್ರಕಟಿಸಿದ ಬರಹವಿದೆ. ಸುಮಾರು 270 ಪ್ರಭೇದಗಳು, ಅವುಗಳಲ್ಲಿ ಮುಕ್ಕಾಲು ಭಾಗದಷ್ಟು ಬೇರೆಲ್ಲೂ ಇಲ್ಲದವು. ಗೂಡ್ ಅವರ 1921ರ ಸಂಪುಟವನ್ನು ಹಳೆಯದೆಂದು ಬದಿಗಿಡಬೇಡಿ. ಕುಟುಂಬದ ಸ್ಥಾನ ಬದಲಾಗಿದ್ದರೂ ಒಂದೊಂದು ಚಿಪ್ಪಿನ ವರ್ಣನೆ ಇಂದಿಗೂ ಕೆಲಸಕ್ಕೆ ಬರುತ್ತದೆ, ಮತ್ತು ಅದು ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯಲ್ಲಿ ಉಚಿತವಾಗಿ ಓದಲು ಸಿಗುತ್ತದೆ.

ಜಿಕೆವಿಕೆ ವಿದ್ಯಾರ್ಥಿ:

ಬದುಕಿರುವ ಹುಳು ಸಿಕ್ಕರೆ ಅದನ್ನು ಡಿಎನ್‌ಎ ಕೆಲಸಕ್ಕೆ ಹೇಗೆ ಉಳಿಸಿಡಬೇಕು? ಒಳಗೆ ಸರಿದು ಮುಚ್ಚಳ ಹಾಕಿಕೊಂಡರೆ ಆಲ್ಕೋಹಾಲು ಒಳಗೆ ಹೋಗುವುದೇ?

ತರಗೆಲೆ:

ನೀವು ಸರಿಯಾದ ಜಾಗದಲ್ಲೇ ಕೈಯಿಟ್ಟಿದ್ದೀರಿ. ನೇರವಾಗಿ ಆಲ್ಕೋಹಾಲಿಗೆ ಹಾಕಿದರೆ ಹುಳು ಬಿಗಿತದ ಹಿಂದಕ್ಕೆ ಸರಿದು ಮುಚ್ಚಳ ಹಾಕಿಕೊಳ್ಳುತ್ತದೆ, ದ್ರವ ಮೈಗೆ ತಾಗುವಷ್ಟರಲ್ಲಿ ಒಳಗಿನ ಅಂಗಾಂಶ ಕೆಟ್ಟಿರುತ್ತದೆ. ಮೊದಲು ಒದ್ದೆ ಕಾಗದದ ಮೇಲೆ ಬಿಟ್ಟು ಹುಳು ಹೊರಗೆ ಬರಲು ಕಾಯಬೇಕು, ಆಗಲೇ ಕೊಂಬು, ಕಣ್ಣು, ಮುಚ್ಚಳಗಳ ಚಿತ್ರ ತೆಗೆದುಕೊಳ್ಳಬೇಕು. ಒಂದೇ ಕಡೆ ಹಲವು ಹುಳುಗಳು ಸಿಕ್ಕಿದ್ದರೆ, ಕೆಲವನ್ನು ಚಿಪ್ಪು ಕೆಡದಂತೆ ಹಾಗೆಯೇ ಇಟ್ಟು, ಒಂದೆರಡರ ಚಿಪ್ಪನ್ನು ಬಿಗಿತದ ಹಿಂದೆ ಸೂಜಿಯ ಮೊನೆಯಿಂದ ಸ್ವಲ್ಪ ಒಡೆದು 95 ಶೇಕಡಕ್ಕಿಂತ ಹೆಚ್ಚಿನ ಎಥನಾಲಿನಲ್ಲಿ ಇಡಬೇಕು. ಒಡೆಯುವ ಮೊದಲು ಆ ಚಿಪ್ಪಿನ ಬಾಯಿ, ಬೆನ್ನು, ಮತ್ತು ತಳದ ಚಿತ್ರಗಳು ಅಳತೆಪಟ್ಟಿಯ ಸಮೇತ ಇರಲೇಬೇಕು. ಡಿಎನ್‌ಎ ಯಾವ ಚಿಪ್ಪಿನದೆಂದು ನಂತರ ತೋರಿಸಲಾಗದಿದ್ದರೆ ಆ ಕೆಲಸಕ್ಕೆ ಬೆಲೆಯಿರುವುದಿಲ್ಲ.

ಚೀಟಿಯನ್ನು ಪೆನ್ಸಿಲಿನಲ್ಲಿ ಬರೆದು ಸೀಸೆಯ ಒಳಗೇ ಹಾಕಿ, ಪೆನ್ನಿನ ಶಾಯಿ ಎಥನಾಲಿನಲ್ಲಿ ಕರಗುತ್ತದೆ. ಊರು, ತಾಲ್ಲೂಕು, ಅಕ್ಷಾಂಶ ರೇಖಾಂಶ, ಸಮುದ್ರಮಟ್ಟದಿಂದ ಎತ್ತರ, ದಿನಾಂಕ, ಬಂಡೆಯ ಬಗೆ, ಯಾವ ಮರದ ತರಗೆಲೆ, ಇಷ್ಟೂ ಅದರಲ್ಲಿರಲಿ.

ಮಲ್ಲೇಶ್ವರದ ಶಿಕ್ಷಕಿ:

ಉದ್ಯಾನದ ವಾಕ್ಯವನ್ನು ತೆಗೆದಿದ್ದೇನೆ, ಅಡೆಲೊಪೋಮವನ್ನೂ ನಿಸಿಡದ ವಿವರವನ್ನೂ ಸೇರಿಸಿದ್ದೇನೆ. ಓಪಿಸ್ಥೊಸ್ಟೋಮದ ಕೆಳಗೆ ನೀಲಗಿರಿಯ ಮಾದರಿ ಪ್ರಭೇದದ ಹೆಸರು ಮತ್ತು 1860 ಎಂಬ ಇಸವಿ ಬಂದಿವೆ. ತರಗೆಲೆ ಅವರು ಕೊಟ್ಟ ಚೀಟಿಯ ಕ್ರಮವನ್ನು ಹಾಗೆಯೇ ಕೈಪಿಡಿಯ ಅನುಬಂಧಕ್ಕೆ ಹಾಕುತ್ತೇವೆ. ಬಿಗಿತ ಕಾಣುವಂತೆ ಹಿಂಬದಿಯ ಬೆಳಕಿನಲ್ಲಿ ತೆಗೆದ ಡಿಪ್ಲೊಮ್ಯಾಟಿನದ ಚಿತ್ರ ಯಾರ ಬಳಿಯಾದರೂ ಇದ್ದರೆ, ತೆಗೆದ ಜಾಗದ ವಿವರದೊಂದಿಗೆ ಇಲ್ಲಿ ಹಾಕಬೇಕೆಂದು ವಿನಂತಿಸುತ್ತೇನೆ. ಅದರ ಪಕ್ಕದಲ್ಲೇ ಅದೇ ಅಳತೆಯ ಕ್ಯಾರಿಕಿಯಂ ಚಿತ್ರವನ್ನೂ ಮುದ್ರಿಸುವ ಯೋಚನೆ ಇದೆ.